ಮೇಣ ಹತ್ತಿದ ರೂಪಾಯಿ

ಡಾಕ್ಟರು ಹೇಳಿದ್ದು ಎರಡೇ ಮಾತು. ಮಲಗಿಯೇ ಇರಬೇಕು, ಬಚ್ಚಲಿಗೆ ಹೋಗುವಷ್ಟು ಬಿಟ್ಟರೆ ನೆಲಕ್ಕೆ ಕಾಲಿಡಬಾರದು. ತುಮಕೂರಿನ ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಕೈಗವಸು ಬಿಚ್ಚುತ್ತ ಆಕೆ ಇದನ್ನು ನನಗಲ್ಲ, ಪಕ್ಕದಲ್ಲಿ ನಿಂತಿದ್ದ ನಮ್ಮಮ್ಮನಿಗೆ ಹೇಳಿದರು. ಇವಳು ಹೇಳಿದ ಮಾತು ಕೇಳುವ ಪೈಕಿಯವಳಲ್ಲ ಎಂದು ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ಅದಕ್ಕೂ ಮೊದಲು ಎರಡು ಸಲ ಹೋಗಿತ್ತು. ಒಂದು ಮೂರು ತಿಂಗಳಿಗೆ, ಇನ್ನೊಂದು ಐದು ತುಂಬಿದ ಮೇಲೆ. ಇದು ಮೂರನೆಯದು. ಇದೂ ನಿಲ್ಲದಿದ್ದರೆ ಮುಂದೆ ಆಸೆ ಇಟ್ಟುಕೊಳ್ಳಬೇಡಿ ಎಂದು ಆಕೆ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಆಗ ಎರಡು ಸಾವಿರದ ಇಸವಿಯ ಆಸುಪಾಸು. ನಾನು ಗುಬ್ಬಿಯಲ್ಲಿ ಪ್ರೈಮರಿ ಶಾಲೆ ಮೇಷ್ಟರಮ್ಮ. ಗಂಡನಿಗೆ ತುಮಕೂರಿನಲ್ಲಿ ಕೆಲಸ, ಬಾಡಿಗೆ ಮನೆಯೂ ಅಲ್ಲೇ. ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಬರುತ್ತಿದ್ದೆ. ಹಿಂದಿನ ಎರಡು ಸಲವೂ ಆ ಬಸ್ಸಿನ ಕುಲುಕಾಟಕ್ಕೇ ಹೋಯಿತು ಎಂದು ಎರಡು ಕಡೆಯ ಹಿರಿಯರೂ ತೀರ್ಪು ಕೊಟ್ಟಿದ್ದರು. ಹಾಗಾಗಿ ಈ ಸಲ ರಜೆ ಹಾಕಿಸಿ, ಬಾಡಿಗೆ ಕಾರಿನಲ್ಲಿ ದಿಂಬಿನ ಮೇಲೆ ಮಲಗಿಸಿಕೊಂಡು ಅಮ್ಮ ನನ್ನನ್ನು ಕುಣಿಗಲ್ಲಿಗೆ ಕರೆತಂದಳು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ನಾವಿಬ್ಬರೇ.

ನಡುಮನೆಯಲ್ಲಿ ಟೀವಿಯ ಎದುರು ಮಂಚ ಹಾಕಿದಳು. ಕಾಲ ಕಡೆ ಮಂಚದ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸಿದಳು. ಅಲ್ಲಿಂದ ಶುರುವಾಯಿತು ನನ್ನ ಸೆರೆಮನೆ. ಗಂಜಿ, ಸಾರು, ಮಾತ್ರೆ, ಬಚ್ಚಲಿಗೂ ಏಳಗೊಡದ ಅಮ್ಮನ ಬೆಡ್‌ಪ್ಯಾನ್. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಒಂದು ಗದರಿಕೆಗೆ ಕೂರಿಸುತ್ತಿದ್ದವಳು ಒಂದು ಲೋಟ ನೀರಿಗೆ ಅಮ್ಮನನ್ನು ಕೂಗಬೇಕಾಯಿತು. ಸಿಟ್ಟು ಬರದೆ ಏನು ಮಾಡುತ್ತದೆ? ದಿನಕ್ಕೆ ಹತ್ತು ಸಲ ಅಮ್ಮನ ಮೇಲೆ ರೇಗುತ್ತಿದ್ದೆ, ಹನ್ನೊಂದನೆಯ ಸಲ ಅಳುತ್ತಿದ್ದೆ.

ಆದರೆ ನನ್ನನ್ನು ಹಣಿದು ಹಾಕಿದ್ದು ಮಲಗುವುದಲ್ಲ. ಆ ಮನೆಯಲ್ಲಿ ಮಗುವಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮೊದಲ ಸಲ ಅಮ್ಮ ಹಳೇ ಸೀರೆ ಹರಿದು ಬಟ್ಟೆ ಮಡಿಸಿಟ್ಟಿದ್ದಳು. ಎರಡನೆಯ ಸಲ ನಾನೇ ಉಲ್ಲನ್ ಟೋಪಿ ಹೆಣೆದಿದ್ದೆ. ಆ ಟೋಪಿಯನ್ನು ಆಮೇಲೆ ಯಾರು ಎಲ್ಲಿಟ್ಟರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಈ ಸಲ ಎಲ್ಲರೂ ಹುಷಾರಾಗಿಬಿಟ್ಟಿದ್ದರು. ಗಂಡ ಭಾನುವಾರ ಬಂದರೆ ಆಫೀಸಿನ ಸುದ್ದಿ ಹೇಳುತ್ತಿದ್ದರು, ತುಮಕೂರಿನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ಹೇಳುತ್ತಿದ್ದರು, ನನ್ನ ಹೊಟ್ಟೆಯ ಕಡೆ ನೋಡುತ್ತಿರಲಿಲ್ಲ. ಹೆಸರು ಏನಿಡೋಣ ಎಂದು ಒಮ್ಮೆ ಕೇಳಿದ್ದಕ್ಕೆ ಅಮ್ಮ ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋದಳು. ಅಂದು ಒಲೆಯ ಮೇಲೆ ಹಾಲು ಇರಲಿಲ್ಲ.

ಕೇಬಲ್ಲಿನವನು ಆ ಕಾಲಕ್ಕೆ ಯಾವ್ಯಾವುದೋ ಚಾನೆಲ್ ಕೊಟ್ಟಿದ್ದ. ಅದರಲ್ಲಿ ಒಂದು ಬೆಳಗಿನಿಂದ ಸಾಯಂಕಾಲದವರೆಗೆ ಸಾಮಾನು ಮಾರುವುದನ್ನೇ ಕಸುಬು ಮಾಡಿಕೊಂಡಿತ್ತು. ಹೊಟ್ಟೆ ಕರಗಿಸುವ ಬೆಲ್ಟು, ತರಕಾರಿ ಹೆಚ್ಚುವ ಡಬ್ಬಿ, ದೃಷ್ಟಿ ತಾಯತ. ಎಲ್ಲವೂ ಹಿಂದಿಯಲ್ಲಿ. ಮೊದಮೊದಲು ಬೈಯುತ್ತ ನೋಡುತ್ತಿದ್ದೆ. ಆಮೇಲೆ ಬೈಯುವುದು ನಿಂತಿತು, ನೋಡುವುದು ನಿಲ್ಲಲಿಲ್ಲ. ಊಟವಾದ ಮೇಲಿನ ಹೊತ್ತಿನಲ್ಲಿ ಒಬ್ಬಳು ರೇಷ್ಮೆ ಸೀರೆಯುಟ್ಟು ಹಳೇ ಬೆಳ್ಳಿ ನಾಣ್ಯ ಮಾರಲು ಬರುತ್ತಿದ್ದಳು. ಬ್ರಿಟಿಷರ ಕಾಲದ ಒಂದು ರೂಪಾಯಿ, ಐದು ನಾಣ್ಯ, ಕೆಂಪು ಮಕಮಲ್ಲಿನ ಪೆಟ್ಟಿಗೆ, ಜೊತೆಗೊಂದು ಸರ್ಟಿಫಿಕೇಟು. ನಾಣ್ಯವನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ ಅವಳು ದಿನಾ ಒಂದೇ ಮಾತು ಹೇಳುತ್ತಿದ್ದಳು: ನಿಮಗೆ ಹುಟ್ಟುವ ಮಗುವಿಗಾಗಿ ಇಂದೇ ತೆಗೆದಿಡಿ.

ಹುಟ್ಟುವ ಮಗು! ಇಡೀ ಕುಣಿಗಲ್, ಗುಬ್ಬಿ, ತುಮಕೂರಿನಲ್ಲಿ ಯಾವ ನರಪಿಳ್ಳೆಯೂ ಆಡದ ಮಾತನ್ನು ಅವಳು ಎಷ್ಟು ಸಲೀಸಾಗಿ ಆಡುತ್ತಿದ್ದಳು. ಅವಳ ಪಾಲಿಗೆ ನನ್ನ ಮಗು ಹುಟ್ಟುವುದು ನಾಳೆ ಬೆಳಗಾಗುವಷ್ಟೇ ಗ್ಯಾರಂಟಿ. ಅದನ್ನು ಕೇಳುವುದಕ್ಕೇ ನಾನು ಕಾಯತೊಡಗಿದೆ. ನಮ್ಮಮ್ಮನ ಕಡೆಯವರಲ್ಲಿ ಕೂಸಿನ ಮೊದಲ ನೀರಿಗೆ ಬೆಳ್ಳಿ ಹಾಕುವ ವಾಡಿಕೆ ಇದೆ. ಹಂಡೆಯ ನೀರಿಗೆ ಗೆಜ್ಜೆಯನ್ನೋ ಉಂಗುರವನ್ನೋ ಹಾಕಿ ಮೀಯಿಸುತ್ತಾರೆ. ಹಳೇ ರೂಪಾಯಿಯ ಬೆಳ್ಳಿಯಾದರೆ ಇನ್ನೂ ಒಳ್ಳೆಯದಂತೆ. ನಮ್ಮ ಮನೆಯಲ್ಲಿದ್ದ ಹಳೇ ರೂಪಾಯಿಗಳೆಲ್ಲ ಅಜ್ಜಿಯ ಕಾಲಕ್ಕೇ ಕರಗಿ ಲೋಟವಾಗಿದ್ದವು. ಸರಿ, ಯಾರೂ ಏನೂ ತರುವುದಿಲ್ಲವಲ್ಲ, ನನ್ನ ಮಗುವಿಗೆ ನಾನೇ ತರಿಸುತ್ತೇನೆ ಎಂದುಕೊಂಡೆ. ಪಕ್ಕದ ಸ್ಟೂಲಿನ ಮೇಲೆ ಫೋನಿತ್ತು. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ತಡವರಿಸುತ್ತ ವಿಳಾಸ ಹೇಳಿದೆ.

ಎರಡು ವಾರಕ್ಕೆ ಪೋಸ್ಟ್‌ಮ್ಯಾನ್ ಪಾರ್ಸೆಲ್ ತಂದ. ಅಮ್ಮ ಮೊದಲು ಗೊಣಗಿದಳು, ಆಮೇಲೆ ಪೆಟ್ಟಿಗೆ ತೆರೆದು ನೋಡಿ ಅವಳ ಮುಖವೂ ಅರಳಿತು. ಐದು ರೂಪಾಯಿ. ಎರಡರ ಮೇಲೆ ರಾಣಿಯ ತಲೆ, ಮೂರರ ಮೇಲೆ ಗಡ್ಡದ ರಾಜನದು. ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುತ್ತಿತ್ತು. ಎಲ್ಲವೂ ಕಪ್ಪಗಾಗಿದ್ದವು. ನಮ್ಮ ಹೆಂಗಸರ ಕೈಗೆ ಕಪ್ಪು ಬೆಳ್ಳಿ ಸಿಕ್ಕರೆ ಕೇಳಬೇಕೇ, ಅಮ್ಮ ದೇವರ ಮನೆಯಿಂದ ವಿಭೂತಿ ತಂದು ಉಜ್ಜಲು ಕೂತೇಬಿಟ್ಟಳು. ನಾನು ಬಿಡಲಿಲ್ಲ. ಜೊತೆಗೆ ಬಂದಿದ್ದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಾಣ್ಯವನ್ನು ತೊಳೆಯಬೇಡಿ, ಉಜ್ಜಬೇಡಿ, ಇರುವ ಹಾಗೇ ಇಡಿ. ಓದಿದವಳು ನಾನು, ಮೇಷ್ಟರಮ್ಮ ಬೇರೆ. ಕಾಗದ ಓದಿ ಹೇಳಿ ಅಮ್ಮನ ಕೈಯಿಂದ ಕಿತ್ತುಕೊಂಡೆ. ಅಂದು ಅಮ್ಮನಿಗೆ ಉಜ್ಜಲು ಬಿಟ್ಟಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ಗುಬ್ಬಿಯಿಂದ ದೊಡ್ಡಮ್ಮ ಬಂದದ್ದು ನನಗೆ ಆರು ತುಂಬಿ ಏಳರಲ್ಲಿ ಬಿದ್ದಾಗ. ಅಮ್ಮನ ಅಕ್ಕ ಅವಳು. ನನ್ನ ಮದುವೆಯ ಸಂಬಂಧ ಕುದುರಿಸಿದವಳೂ ಅವಳೇ, ಹಾಗಾಗಿ ಎರಡೂ ಮನೆಯ ಮೇಲೆ ಅವಳಿಗೆ ಅಧಿಕಾರ. ಹುಟ್ಟಿದ ಮನೆ, ಸತ್ತ ಮನೆ ಎರಡಕ್ಕೂ ಮೊದಲು ಕರೆಯುವುದು ಅವಳನ್ನು. ಹೆಣಕ್ಕೆ ನೀರು ಹಾಕುವುದರಿಂದ ಹಿಡಿದು ಬಾಣಂತಿಗೆ ಖಾರ ಕುಟ್ಟುವವರೆಗೆ ಅವಳಿಗೆ ಗೊತ್ತಿಲ್ಲದ ಕೆಲಸವಿರಲಿಲ್ಲ. ಕೋಡುಬಳೆಯ ಡಬ್ಬಿ ಕೊಟ್ಟು ಮಂಚದ ಅಂಚಿಗೆ ಕೂತಳು. ನಾನು ಹೆಮ್ಮೆಯಿಂದ ಪೆಟ್ಟಿಗೆ ತೆರೆದು ತೋರಿಸಿದೆ.

ಒಂದೊಂದೇ ನಾಣ್ಯವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನಾಲ್ಕನೆಯದನ್ನು ಹಿಡಿದವಳು ಇಳಿಸಲಿಲ್ಲ. ಅದರ ಹಿಂಬದಿಯಲ್ಲಿ, ಹೂಬಳ್ಳಿಯ ಗೆರೆಗಳ ಸಂದಿಯಲ್ಲಿ, ಏನೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನಾನು ಅದನ್ನು ಕೊಳೆ ಎಂದುಕೊಂಡಿದ್ದೆ. ದೊಡ್ಡಮ್ಮ ಉಗುರಿನಿಂದ ಕೆರೆದಳು, ಮೂಸಿದಳು, ಮತ್ತೆ ಕೆರೆದಳು. ಆಮೇಲೆ ಅಮ್ಮನಿಗೆ ಕಾಫಿ ಮಾಡು ಹೋಗೆಂದಳು. ಅಮ್ಮ ಒಳಗೆ ಹೋಗುವವರೆಗೆ ಕಾದು, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಇದು ಹಣೆ ರೂಪಾಯಿ ಕಣೇ. ಹೆಣದ ಹಣೆಗೆ ಮೇಣ ಹಚ್ಚಿ ಅಂಟ್ಸಿದ್ದು. ಎಷ್ಟು ಹಣೆಗೆ ನನ್ ಕೈಯಾರೆ ಅಂಟ್ಸಿದೀನಿ, ನಂಗೊತ್ತಾಗಕಿಲ್ವಾ?"

ನಮ್ಮ ಕಡೆ ಸತ್ತವರ ಹಣೆಗೆ ನಾಣ್ಯ ಅಂಟಿಸುವುದು ನಾನೂ ನೋಡಿದ್ದೇ. ಅಪ್ಪನ ಹಣೆಗೂ ಅಂಟಿಸಿದ್ದರು. ಮಣ್ಣು ಮಾಡುವ ಮುಂಚೆ ಅದನ್ನು ತೆಗೆದು ಗುಂಡಿ ತೋಡಿದವರಿಗೆ ಕೊಡುತ್ತಾರೆ. ಹಿಂದಿನ ಕಾಲದಲ್ಲಿ ಅದು ಬೆಳ್ಳಿಯದೇ ಆಗಿರುತ್ತಿತ್ತಂತೆ. ಹಾಗೆ ಕೈ ಬದಲಾಗಿ, ಅಂಗಡಿ ಸೇರಿ, ಮಕಮಲ್ಲಿನ ಪೆಟ್ಟಿಗೆಯಲ್ಲಿ ಕೂತು, ಹುಟ್ಟುವ ಮಗುವಿಗೆ ಎಂದು ನನ್ನ ಮಂಚಕ್ಕೆ ಬಂದಿತ್ತು. ಎರಡು ವಾರದಿಂದ ನಾನು ಆ ಪೆಟ್ಟಿಗೆಯನ್ನು ದಿಂಬಿನ ಪಕ್ಕವೇ ಇಟ್ಟುಕೊಂಡಿದ್ದೆ. ಎಷ್ಟೋ ಮಧ್ಯಾಹ್ನ ನಾಣ್ಯಗಳನ್ನು ಹೊಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಮಗುವಿಗೆ ತೋರಿಸುವವಳ ಹಾಗೆ ಆಟವಾಡಿದ್ದೆ. ಅದನ್ನು ದೊಡ್ಡಮ್ಮನಿಗೆ ಹೇಳುವ ಧೈರ್ಯವಾಗಲಿಲ್ಲ.

ಅವಳು ಹೇಳಿದ ಪರಿಹಾರ ಸುಲಭದ್ದೇ. ನೀರಿಗೆ ಬಿಟ್ಟುಬಿಡಬೇಕು. ಅಮ್ಮನಿಗೆ ಹೇಳಬಾರದು, ಮೊದಲೇ ಹೆದರಿ ಸತ್ತಿದ್ದಾಳೆ. ಬೇರೆಯವರ ಕೈಯಲ್ಲಿ ಕಳಿಸಿದರೆ ಅದು ಅವರ ಮನೆಗೆ ಹೋಗುತ್ತದೆ, ತರಿಸಿಕೊಂಡವಳ ಕೈಯಿಂದಲೇ ಹೋಗಬೇಕು. ನಾನು ಹೇಗೆ ಏಳಲಿ ಎಂದು ಕೇಳಿದೆ. ಭಾನುವಾರ ಗಂಡ ಬಂದಾಗ ಕಾರು ಮಾಡಿಕೊಂಡು, ನಿಧಾನವಾಗಿ, ಕೆರೆ ಏರಿಯವರೆಗೆ ಹೋಗಿ ಬಾ, ಎಂಟು ತುಂಬುವುದರೊಳಗೆ ಆದರೆ ಸಾಕು ಎಂದಳು. ಇದನ್ನು ಅವಳ ಪರವಾಗಿ ಹೇಳಲೇಬೇಕು. ಅವಳು ನನ್ನನ್ನು ಒಬ್ಬಳೇ ಹೋಗು ಎನ್ನಲಿಲ್ಲ, ಆಟೋದಲ್ಲಿ ಹೋಗು ಎನ್ನಲಿಲ್ಲ. ಕಾಫಿ ಕುಡಿದು, ನನ್ನ ತಲೆ ನೇವರಿಸಿ, ಸಾಯಂಕಾಲದ ಬಸ್ಸಿಗೆ ಹೊರಟುಹೋದಳು.

ಗಂಡನಿಗೆ ಹೇಳುವುದು ಹೇಗೆ? ಅವರು ಇಂಥದ್ದಕ್ಕೆಲ್ಲ ನಗುವ ಮನುಷ್ಯ. ಟೀವಿಯವರು ಟೋಪಿ ಹಾಕಿದರು, ಈಗ ನಿಮ್ಮ ದೊಡ್ಡಮ್ಮನೂ ಹಾಕಿದಳು ಅನ್ನುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಬೆಕ್ಕು ಅಡ್ಡ ಬಂದರೆ ಏನೂ ಆಗುವುದಿಲ್ಲ ಎಂದು ಪಾಠ ಮಾಡಿದವಳು ನಾನು. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿಸಿದೆ. ಅಲ್ಲಿದ್ದರೆ ಬೆನ್ನಿನ ಕೆಳಗೇ ಇದ್ದಂತಾಯಿತು. ಬೀರುವಿನ ಮೇಲೆ ಇಡಿಸಿದೆ. ಅಲ್ಲಿಂದ ಅದು ನನ್ನನ್ನೇ ನೋಡುತ್ತಿದ್ದಂತಾಯಿತು. ಯಾಕೆ ಅದನ್ನು ಅಲ್ಲಿಂದ ಇಲ್ಲಿಗೆ ಇಡಿಸ್ತೀಯ ಎಂದು ಅಮ್ಮ ಕೇಳಿದಾಗ ಸುಮ್ಮನೆ ಇಡು ಎಂದು ಕಿರುಚಿದೆ.

ಅದಕ್ಕಿಂತ ಕೆಟ್ಟದ್ದು ಮಗುವಿನ ಚಲನೆಯನ್ನು ಲೆಕ್ಕ ಇಡುವ ಚಟ. ಅದುವರೆಗೆ ಮಗು ಒದ್ದರೆ ಖುಷಿ, ಒದೆಯದಿದ್ದರೆ ನಿದ್ದೆ ಮಾಡುತ್ತಿದೆ ಎಂದುಕೊಳ್ಳುತ್ತಿದ್ದೆ. ಈಗ ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆ ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷ ಅಲುಗಾಡದಿದ್ದರೆ ಎಡಕ್ಕೆ ಹೊರಳಿ ಕಾಯುತ್ತಿದ್ದೆ, ಸಕ್ಕರೆ ಬಾಯಿಗೆ ಹಾಕಿಕೊಂಡು ಕಾಯುತ್ತಿದ್ದೆ. ಅಪ್ಪನ ಹಣೆ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಭಾನುವಾರ ಗಂಡ ಬರಲಿಲ್ಲ, ಆಫೀಸಿನಲ್ಲಿ ಏನೋ ಇನ್‌ಸ್ಪೆಕ್ಷನ್ ಎಂದು ಫೋನ್ ಮಾಡಿದರು.

ಮರುದಿನ ಸೋಮವಾರ. ನನಗೆ ಏಳನೇ ತಿಂಗಳು ಬಿದ್ದರೆ ಯಡಿಯೂರಿಗೆ ಬಂದು ಪೂಜೆ ಮಾಡಿಸುತ್ತೇನೆಂದು ಅಮ್ಮ ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತಿದ್ದಳಂತೆ. ನನಗೆ ಹೇಳಿದ್ದು ಅಂದು ಬೆಳಿಗ್ಗೆಯೇ. ಎಂಟರ ಬಸ್ಸಿಗೆ ಹೋದರೆ ಊಟದ ಹೊತ್ತಿಗೆ ವಾಪಸ್ ಬಂದೇಬಿಡುತ್ತೇನೆ, ಹನ್ನೊಂದಕ್ಕೆ ಪಕ್ಕದ ಮನೆಯಾಕೆ ಬಂದು ನೋಡಿಕೊಳ್ಳುತ್ತಾಳೆ ಎಂದಳು. ಫ್ಲಾಸ್ಕಿನಲ್ಲಿ ಹಾಲು, ತಟ್ಟೆಯಲ್ಲಿ ಇಡ್ಲಿ ಮುಚ್ಚಿಟ್ಟು, ಬಾಗಿಲಲ್ಲಿ ನಿಂತು ಮೂರು ಸಲ ಹಿಂತಿರುಗಿ ನೋಡಿದಳು. ಏಳಬೇಡ, ಏನೇ ಆದರೂ ಏಳಬೇಡ ಎಂದಳು. ಹೂಂ ಎಂದೆ.

ಬೆಳಿಗ್ಗೆ ಎಚ್ಚರವಾದಾಗಿನಿಂದ ಮಗು ಅಲುಗಾಡಿರಲಿಲ್ಲ. ಅಮ್ಮನಿಗೆ ಹೇಳಿದ್ದರೆ ಹೋಗುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಹಾಲು ಕುಡಿದೆ, ಇಲ್ಲ. ತಣ್ಣೀರು ಕುಡಿದೆ, ಇಲ್ಲ. ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ಕರೆದೆ. ಗಡಿಯಾರ ಒಂಬತ್ತು ಹೊಡೆಯಿತು. ಈಗ ಯೋಚಿಸಿದರೆ ಆಸ್ಪತ್ರೆಗೆ ಫೋನ್ ಮಾಡಬಹುದಿತ್ತು, ಕೈಗೆಟುಕುವ ಹಾಗೇ ಇತ್ತು ಫೋನು. ಅದೇ ಫೋನಿನಲ್ಲಿ ತಾನೇ ನಾಣ್ಯಕ್ಕೆ ಆರ್ಡರ್ ಕೊಟ್ಟಿದ್ದು. ಆದರೆ ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಅದು ಮನೆಯಲ್ಲಿರುವವರೆಗೆ ಮಗು ಏಳುವುದಿಲ್ಲ.

ಎದ್ದೆ. ತಿಂಗಳುಗಟ್ಟಲೆ ಮಲಗಿದ್ದ ಕಾಲು, ಗೋಡೆ ಹಿಡಿದರೂ ನಡುಗುತ್ತಿತ್ತು. ಪೆಟ್ಟಿಗೆಯಿಂದ ಐದೂ ನಾಣ್ಯ ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡೆ. ಮೇಣದ್ದು ಒಂದಾದರೂ ಮಿಕ್ಕವು ಯಾವ ಹಣೆಯ ಮೇಲಿದ್ದವೋ ಯಾರಿಗೆ ಗೊತ್ತು. ಬಾಗಿಲು ಎಳೆದುಕೊಂಡು ರಸ್ತೆಯವರೆಗೆ ಹೆಜ್ಜೆ ಎಣಿಸುತ್ತ ನಡೆದೆ. ಖಾಲಿ ಆಟೋ ಒಂದು ಬಂತು. ಕೆರೆ ಏರಿಗೆ ಎಂದಾಗ ಆಟೋದವನು ನನ್ನ ಹೊಟ್ಟೆಯನ್ನೂ ಕೆದರಿದ ತಲೆಯನ್ನೂ ಕನ್ನಡಿಯಲ್ಲಿ ನೋಡಿದ. ಪ್ರತಿ ಗುಂಡಿಗೂ ನಾನು ಎರಡು ಕೈಯಲ್ಲಿ ಸೀಟು ಹಿಡಿದು ಮೈಯನ್ನು ಎತ್ತಿ ಹಿಡಿಯುತ್ತಿದ್ದೆ. ನಿಧಾನ, ನಿಧಾನ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದೆ.

ಏರಿಯ ಮೇಲೆ ಇಳಿದು ನೋಡಿದರೆ ನೀರು ನಾನು ಅಂದುಕೊಂಡಷ್ಟು ಹತ್ತಿರ ಇರಲಿಲ್ಲ. ಏರಿಯ ಒಳಮೈಗೆ ಹೊದಿಸಿದ ಕಲ್ಲುಗಳು ಇಳಿಜಾರಾಗಿ ಕೆಳಗಿನವರೆಗೆ ಹೋಗಿದ್ದವು. ಒಂದೊಂದೇ ನಾಣ್ಯ ಎಸೆದೆ. ನಾಲ್ಕು ನೀರಿಗೆ ಬಿದ್ದವು. ಮೇಣದ್ದನ್ನು ಕೊನೆಗೆ ಎಸೆದೆ, ಕೈಯಲ್ಲಿ ಆಗಲೇ ಶಕ್ತಿ ಇರಲಿಲ್ಲ. ಅದು ಕಲ್ಲಿಗೆ ತಾಗಿ ಠಣ್ ಎಂದು ಪುಟಿದು, ನೀರಿಗೆ ನಾಲ್ಕೈದು ಅಡಿ ಮೇಲೆ ಎರಡು ಕಲ್ಲಿನ ಸಂದಿಯಲ್ಲಿ ನಿಂತಿತು. ಬಿಸಿಲಿನಲ್ಲಿ ಕಪ್ಪಗೆ ಕಾಣುತ್ತ ಅಲ್ಲೇ ಕೂತಿತು.

ಬಿಟ್ಟು ಬರಬಹುದಿತ್ತು. ಯಾರಾದರೂ ದನದ ಮೈ ತೊಳೆಯಲು ಬಂದವರು ಎತ್ತಿಕೊಳ್ಳುತ್ತಿದ್ದರು. ಅದೇ ಭಯವಾಯಿತು, ಇನ್ನೊಬ್ಬರ ಮನೆಗೆ ಹೋದರೆ ಆ ಪಾಪವೂ ನನ್ನ ಮಗುವಿನ ಮೇಲೆ. ಕೂತೇಬಿಟ್ಟೆ. ಕೂತುಕೊಂಡೇ, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಕಾಲು ಚಾಚಿ, ಅಂಗೈ ಊರಿ, ಸೊಂಟ ಜಾರಿಸುತ್ತ ಇಳಿಯತೊಡಗಿದೆ. ಒಂದು ಕಲ್ಲು ಅಲುಗಾಡಿತು. ಅಷ್ಟರಲ್ಲಿ ಮೇಲಿನಿಂದ ಆಟೋದವನು ಓಡಿಬಂದು ನನ್ನ ರಟ್ಟೆ ಹಿಡಿದ.

"ಅಕ್ಕಾ, ಬ್ಯಾಡ ಅಕ್ಕಾ. ಏನೇ ಇದ್ರೂ ಮನೇಲಿ ಕುಂತು ಮಾತಾಡ್ಕಳಿ. ಹೊಟ್ಟೇಲಿರೋದು ಏನ್ ಪಾಪ ಮಾಡೈತೆ?"

ಸಾಯಲು ಬಂದಿಲ್ಲ, ಉಳಿಸಿಕೊಳ್ಳಲು ಬಂದಿದ್ದೇನೆ ಎಂದು ಹೇಳಿದರೆ ಅವನು ನಂಬುವನೇ? ನಾಣ್ಯ ತೋರಿಸಿ ಅದನ್ನು ನೀರಿಗೆ ತಳ್ಳಬೇಕೆಂದೆ. ನಾನು ತಳ್ತೀನಿ ಎಂದು ಕೈ ಚಾಚಿದ. ಮುಟ್ಟಬೇಡ ಎಂದು ಎಂಥ ದನಿಯಲ್ಲಿ ಕೂಗಿದೆನೋ, ಅವನು ಕೈ ಹಿಂದಕ್ಕೆ ಎಳೆದುಕೊಂಡ. ಆದರೆ ನನ್ನ ರಟ್ಟೆ ಬಿಡಲಿಲ್ಲ. ಅವನು ಹಿಡಿದಿದ್ದಂತೆಯೇ ಇನ್ನೆರಡು ಕಲ್ಲು ಇಳಿದು, ಬೆರಳ ತುದಿಯಿಂದ ನಾಣ್ಯವನ್ನು ಸಂದಿಯಿಂದ ಬಿಡಿಸಿ ತಳ್ಳಿದೆ. ಸದ್ದೇ ಆಗದೆ ನೀರಿಗೆ ಹೋಯಿತು. ಮತ್ತೆ ಮೇಲೆ ಹತ್ತಿ ಆಟೋದಲ್ಲಿ ಕೂತ ಮೇಲೆ ಮಗು ಒದ್ದಿತು. ಒಂದು ಸಲ, ಆಮೇಲೆ ಇನ್ನೊಂದು ಸಲ, ಜೋರಾಗಿ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಆಟೋದವನು ಮನೆಯವರೆಗೆ ಹಿಂತಿರುಗಿ ನೋಡಲೇ ಇಲ್ಲ.

ಪಕ್ಕದ ಮನೆಯಾಕೆ ಬರುವ ಹೊತ್ತಿಗೆ ಹಾಸಿಗೆಯ ಮೇಲಿದ್ದೆ. ಅಮ್ಮ ಬಂದಳು, ಯಡಿಯೂರಿನ ವಿಭೂತಿಯನ್ನು ಹಣೆಗೂ ಹೊಟ್ಟೆಗೂ ಹಚ್ಚಿದಳು. ನಾಣ್ಯ ಎಲ್ಲಿ ಎಂದು ಎರಡು ದಿನ ಬಿಟ್ಟು ಕೇಳಿದಳು. ನಕಲಿ ಇರಬಹುದು ಅನ್ನಿಸಿ ಪೋಸ್ಟ್‌ಮ್ಯಾನ್ ಕೈಯಲ್ಲಿ ವಾಪಸ್ ಕಳಿಸಿದೆ ಎಂದೆ. ಆ ಮಾತು ಮುಗಿದು ಗಂಟೆ ಕಳೆದಿರಲಿಲ್ಲ, ಸೊಂಟ ಹಿಡಿದುಕೊಂಡಿತು. ಆಮೇಲೆ ಹಾಸಿಗೆಯಲ್ಲಿ ರಕ್ತ ಕಂಡಿತು.

ತುಮಕೂರು ಮುಟ್ಟುವವರೆಗೆ ಅಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಲ್ಲಿ ಏನೋ ಜಪಿಸುತ್ತಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಹೊಲಿಗೆ ಎಳೆದಿದೆ ಎಂದರು. ಮುಖ ಗಂಟು ಹಾಕಿಕೊಂಡು ಎದ್ದು ಓಡಾಡಿದಿರಾ, ಎಲ್ಲಾದರೂ ಹೋಗಿದ್ದಿರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು.

"ಇಲ್ಲಾ ಡಾಕ್ಟ್ರೇ. ನನ್ ಮಗಳು ಮಂಚ ಬಿಟ್ಟು ಇಳ್ದಿಲ್ಲ. ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದಿದೀನಿ."

ಅವಳ ದನಿಯಲ್ಲಿ ಎಷ್ಟು ನೆಚ್ಚಿಗೆ ಇತ್ತೆಂದರೆ ಡಾಕ್ಟರು ಮತ್ತೆ ಕೇಳಲಿಲ್ಲ. ಕೆಲವರಿಗೆ ಮಲಗಿದ್ದರೂ ಹೀಗಾಗುತ್ತದೆ ಎಂದು ಹೇಳಿ ಬರೆದುಕೊಂಡರು. ನಾನು ಗೋಡೆಯ ಕಡೆ ತಿರುಗಿದೆ. ನಿಜ ಹೇಳಿದ್ದರೆ ಚಿಕಿತ್ಸೆ ಬೇರೆಯಾಗುತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಆಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮೂರು ದಿನ ಸೂಜಿ ಹಾಕಿ ಹೇಗೋ ತಡೆದರು. ನಾಲ್ಕನೆಯ ದಿನ ಹೆಣ್ಣುಮಗು ಹುಟ್ಟಿತು. ಒಂದು ಮೊಳ ಉದ್ದವೂ ಇಲ್ಲ, ಹಣ್ಣೆಲೆಯಂಥ ಚರ್ಮ. ಅಳಲೂ ಶಕ್ತಿ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಸಿರಾಡುವುದನ್ನು ಎರಡು ಸಲ ನಿಲ್ಲಿಸಿತು, ಎರಡು ಸಲವೂ ನರ್ಸಮ್ಮ ಅಂಗಾಲಿಗೆ ತಟ್ಟಿ ಎಬ್ಬಿಸಿದಳು. ಗಾಜಿನ ಹೊರಗೆ ನಿಂತು ಆ ಚಿಕ್ಕ ಎದೆ ಏರಿ ಇಳಿಯುವುದನ್ನು ನೋಡುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಹಣೆಯೂ ಇರಲಿಲ್ಲ, ಮೇಣವೂ ಇರಲಿಲ್ಲ. ಆಟೋ ಹಾರಿದ ಗುಂಡಿಗಳಿದ್ದವು. ಕೂತು ಜಾರಿಕೊಂಡು ಇಳಿದ ಒಂದೊಂದು ಕಲ್ಲೂ ಇತ್ತು. ಯಾವ ಸತ್ತವರೂ ಏನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಬದುಕಿದ್ದ ನಾನೇ.

ದೊಡ್ಡಮ್ಮ ಓಡಿಬಂದಳು. ಅಮ್ಮ ಔಷಧಿ ತರಲು ಹೋದಾಗ ಬಿಟ್ಟೆಯಾ ಎಂದು ಕಿವಿಯಲ್ಲಿ ಕೇಳಿದಳು. ಬಿಟ್ಟೆ ಎಂದೆ. ಅದಕ್ಕೇ ಕೂಸು ಜೀವ ಹಿಡ್ಕಂಡೈತೆ ಎಂದು ಗಾಜಿಗೆ ಕೈಮುಗಿದಳು. ಅವಳ ಮುಖಕ್ಕೆ ಹೊಡೆಯುವಷ್ಟು ಸಿಟ್ಟು ಬಂತು. ಆದರೆ ಆ ಮುದುಕಿ ಮೂರು ದಿನದಿಂದ ಅನ್ನ ಮುಟ್ಟಿಲ್ಲವೆಂದು ಗಂಡ ಹೇಳಿದ್ದು ನೆನಪಾಗಿ ಸುಮ್ಮನಾದೆ.

ನಲವತ್ತು ದಿನದ ಮೇಲೆ ಮಗು ಮನೆಗೆ ಬಂತು. ಉಳಿಯಿತು, ಬೆಳೆಯಿತು, ಶಾಲೆಗೆ ಸೇರಿತು, ನನ್ನ ಸಿಟ್ಟನ್ನೂ ಪೂರ್ತಿ ಕಲಿಯಿತು. ಅಮ್ಮನಿಗೆ ಮಾತ್ರ ಅಂದಿನಿಂದ ಒಂದೇ ಕಥೆ. ಊರಲ್ಲಿ ಯಾವ ಹುಡುಗಿ ಬಸುರಿಯಾದರೂ ಹೋಗಿ ಹೇಳುವಳು: ನನ್ನ ಮಗಳು ನೆಲಕ್ಕೆ ಕಾಲಿಡಲಿಲ್ಲ, ನಾನು ಯಡಿಯೂರಿಗೆ ಹೋಗಿ ಬೇಡಿಕೊಂಡೆ, ಅದಕ್ಕೇ ಏಳು ತಿಂಗಳ ಕೂಸು ಕೈಗೆ ಬಂತು. ಪ್ರತಿ ವರ್ಷ ಅದೇ ತಿಂಗಳಲ್ಲಿ ಯಡಿಯೂರಿಗೆ ಹೋಗಿ ಪೂಜೆ ಮಾಡಿಸಿ ಬರುತ್ತಿದ್ದಳು. ಮಂಡಿ ನೋವು ಬಂದ ಮೇಲೂ ತಪ್ಪಿಸಲಿಲ್ಲ. ಎಂಟು ವರ್ಷ ನಾನು ಆ ಕಥೆ ಕೇಳಿಕೊಂಡು, ತಲೆಯಾಡಿಸಿಕೊಂಡು ಬಂದೆ.

ಎಂಟನೆಯ ವರ್ಷ ನಿಟ್ಟೂರಿನಲ್ಲಿ ಚಿಕ್ಕಮ್ಮನ ಮಗಳಿಗೂ ಹಾಗೇ ಆಯಿತು. ಒಂದು ಹೋಗಿ, ಎರಡನೆಯದಕ್ಕೆ ಹೊಲಿಗೆ ಹಾಕಿ ಮಲಗಿಸಿದ್ದರು. ಅಮ್ಮ, ನಾನು ನೋಡಲು ಹೋದೆವು. ಅಮ್ಮ ಮಂಚದ ಪಕ್ಕ ಕೂತು ಮೂಸಂಬಿ ಸುಲಿಯುತ್ತ ಕಥೆ ಶುರು ಮಾಡಿದಳು. ಹುಡುಗಿ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು. ಒಂದು ದಿನವೂ ಏಳಲಿಲ್ಲ ಎಂಬಲ್ಲಿಗೆ ಬಂದಾಗ ಅವಳು ಬಿಕ್ಕಿ ಅಳತೊಡಗಿದಳು. ನಿನ್ನೆ ಮಳೆ ಬಂದಾಗ ಮನೆಯಲ್ಲಿ ಯಾರೂ ಇಲ್ಲದೆ, ಒಣಗಲು ಹಾಕಿದ್ದ ಬಟ್ಟೆ ತೆಗೆಯಲು ಎದ್ದಿದ್ದಳಂತೆ. ಆಗಿನಿಂದ ಮಗುವಿಗೆ ಏನಾಯಿತೋ ಎಂದು ಕಣ್ಣು ಮುಚ್ಚಿಲ್ಲವಂತೆ. ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ನೀನು ನಿಜವಾಗ್ಲೂ ಒಂದಿನಾನೂ ಎದ್ದಿರ್ಲಿಲ್ವಾ?"

ಹೊಟ್ಟೆಯ ಮೇಲೆ ಕೈಯಿಟ್ಟು ಗಡಿಯಾರ ನೋಡುವ ಆ ನರಕ ನನಗೆ ಗೊತ್ತಿತ್ತು. ಅವಳನ್ನು ಅಲ್ಲಿಗೆ ತಳ್ಳಿದ್ದು ನನ್ನ ಕಥೆಯೇ.

"ಎದ್ದಿದ್ದೆ ಕಣೇ," ಎಂದೆ. "ಬಟ್ಟೆ ತೆಗೆಯೋಕಲ್ಲ. ಆಟೋ ಹತ್ಕೊಂಡು ಕೆರೆ ಏರಿಗೆ ಹೋಗಿದ್ದೆ. ಕಲ್ಲು ಇಳಿದಿದ್ದೆ."

ಅಮ್ಮ ನಕ್ಕಳು. ಹುಡುಗಿಗೆ ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಳು. ನಾನು ನಿಲ್ಲಿಸಲಿಲ್ಲ. ದೊಡ್ಡಮ್ಮ ಹೇಳಿದ್ದು, ಮೇಣ, ನಾಣ್ಯ, ಡಾಕ್ಟರ ಮುಂದೆ ಸುಮ್ಮನಿದ್ದದ್ದು, ಎಲ್ಲ ಹೇಳಿದೆ. ಹುಡುಗಿಯ ಅಳು ನಿಂತಿತು. ಅಮ್ಮನ ಕೈಯಲ್ಲಿ ಅರ್ಧ ಸುಲಿದ ಹಣ್ಣು ಹಾಗೇ ಉಳಿಯಿತು.

"ಯಾವತ್ತು?" ಎಂದಳು ಅಮ್ಮ.

"ನೀನು ಯಡಿಯೂರಿಗೆ ಹೋಗಿದ್ ದಿನ."

ಅಮ್ಮ ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಹಣ್ಣನ್ನು ತಟ್ಟೆಯಲ್ಲಿಟ್ಟು, ಸೆರಗಿನಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡಳು.

"ಅಂಗಾದ್ರೆ ಅವತ್ತು ನಾನು ಮನೇಲೇ ಇದ್ದಿದ್ರೆ ನೀನು ಏಳ್ತಾನೇ ಇರ್ಲಿಲ್ಲ ಅಲ್ವೇನೇ?"

ಎಂಟು ವರ್ಷ ಅವಳು ಕೈಮುಗಿದು ಬಂದದ್ದು ಆ ಒಂದು ದಿನಕ್ಕೆ. ಹಾಗಲ್ಲಮ್ಮ ಎನ್ನಬೇಕಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನನಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.